ಎರರೋ ಹಿಟ್ಟೋ ಎಂದು ಬರೆಯದ ಸ್ಕೋರರ್ ಅವರಿಗೆ

ನಮ್ಮೂರ ಬೇಸ್‌ಬಾಲ್ ಮೈದಾನದ ಅಧಿಕೃತ ಸ್ಕೋರರ್ ಆಗಿರುವ ಮಾನ್ಯರೇ,

ಶನಿವಾರದೊಳಗೆ ತಾವು ಒಂದು ತೀರ್ಪು ಬರೆಯಬೇಕು, ಬರೆಯುತ್ತಿಲ್ಲ. ಅದರಿಂದಾಗಿ ನನಗೆ ಈ ಊರಿನಲ್ಲಿ ಉಸಿರಾಡಲು ಜಾಗವಿಲ್ಲದಂತಾಗಿದೆ. ಇದೇ ನನ್ನ ದೂರು. ಇದನ್ನು ಬಾಯಲ್ಲೇ ಹೇಳಬಹುದಿತ್ತು, ಏಕೆಂದರೆ ನಾನು ತಮ್ಮ ಹೆಂಡತಿ. ಆದರೆ ಸೋಮವಾರ ಊಟಕ್ಕೆ ಕೂತಾಗ "ರೀ, ಆ ಚೆಂಡಿನ ವಿಷಯ ಏನ್ ಮಾಡಿದ್ರಿ?" ಎಂದು ಕೇಳಿದ್ದಕ್ಕೆ ತಾವು ಚಮಚ ಕೆಳಗಿಟ್ಟು, "ಅದು ಕಚೇರಿ ವಿಷಯ ಕಣೇ. ಏನಿದ್ರೂ ಬರೆದು ಕೊಡು" ಎಂದಿರಿ. ತಮ್ಮ ಕಚೇರಿ ಎಂದರೆ ಮೈದಾನದ ಅಂಚಿನಲ್ಲಿ ನಾಲ್ಕು ಕಂಬಗಳ ಮೇಲೆ ನಿಂತಿರುವ ಹಲಗೆಯ ಗೂಡು. ಅಷ್ಟು ಮೆಟ್ಟಿಲು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಆದ್ದರಿಂದ ನಮ್ಮ ವಾರಪತ್ರಿಕೆಯಲ್ಲೇ ಬರೆದು ಕೊಡುತ್ತಿದ್ದೇನೆ.

ನಡೆದದ್ದು ಊರಿಗೆಲ್ಲ ಗೊತ್ತು. ಆದರೂ ನೆಬ್ರಾಸ್ಕಾದಲ್ಲಿ ನಮ್ಮೂರಿನಾಚೆಗೂ ಈ ಪತ್ರಿಕೆ ಓದುವ ನಾಲ್ಕು ಜನ ಇರಬಹುದು. ಕಳೆದ ಭಾನುವಾರ ಲೀಗಿನ ಕೊನೆಯ ಪಂದ್ಯ. ಚೆಂಡು ಎಸೆಯುವ ಪಿಚರ್ ನಮ್ಮ ಅಳಿಯ ಲೆಲ್ಯಾಂಡ್. ಎರಡನೇ, ಮೂರನೇ ಬೇಸುಗಳ ನಡುವೆ ಕಾಯುವ ಶಾರ್ಟ್‌ಸ್ಟಾಪ್ ನಮ್ಮ ಮಗ ಲ್ಯೂಮಿರ್. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು, ಮೂರು ಬೇಸಿನಲ್ಲೂ ಒಬ್ಬೊಬ್ಬರು ನಿಂತಿದ್ದರು. ಅಳಿಯ ಎಸೆದ, ಎದುರಾಳಿ ಬೀಸಿದ, ಚೆಂಡು ನೆಲ ಸವರಿಕೊಂಡು ಬಂದು ಮಗನ ಕೈಗವಸಿಗೆ ತಾಗಿ ಆಚೆ ಹಾರಿತು. ಎರಡು ರನ್ ಹೋದವು. ಹಾಗಿದ್ದರೂ ಪಂದ್ಯ ಗೆದ್ದದ್ದು ನಾವೇ! ಗೆದ್ದ ಊರು ಹೀಗೆ ಕಿತ್ತಾಡುವುದನ್ನು ಸೋತವರು ಬಂದು ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬೇಕು. ಅದು ಹಿಡಿಯಬಹುದಾಗಿದ್ದ ಚೆಂಡು ಎಂದಾದರೆ ತಾವು 'ಎರರ್' ಎಂದು ಬರೆಯುತ್ತೀರಿ. ಬೇಸಿಗೆಯಿಡೀ ಒಂದೂ ಚೆಂಡು ಬಿಡದ ಮಗನ ಹೆಸರಿಗೆ ಮಸಿ. ಯಾರಿಂದಲೂ ಹಿಡಿಯಲಾಗದ ಚೆಂಡು ಎಂದಾದರೆ 'ಹಿಟ್'. ಆ ಎರಡು ರನ್ ಅಳಿಯನ ತಲೆಗೆ ಬಂದು, ಲೀಗಿನಲ್ಲೇ ಅತಿ ಕಡಿಮೆ ರನ್ ಕೊಟ್ಟ ಪಿಚರ್ ಎಂಬ ಹೆಗ್ಗಳಿಕೆ ಕೈತಪ್ಪುತ್ತದೆ. ವರ್ಷದ ಅತ್ಯಮೂಲ್ಯ ಆಟಗಾರನ ಪಟ್ಟಕ್ಕೆ ಉಳಿದಿರುವುದು ಇವರಿಬ್ಬರೇ. ಆರಿಸುವವರು ತಮ್ಮ ಒಂದು ಪದಕ್ಕಾಗಿ ಕಾಯುತ್ತಿದ್ದಾರೆ. ತಾವೋ, ಗೂಡಿನ ಬಾಗಿಲಿಗೆ 'ಪರಿಶೀಲನೆಯಲ್ಲಿದೆ' ಎಂಬ ಬೋರ್ಡು ತಗುಲಿಸಿ ಕೂತಿದ್ದೀರಿ.

ತಮಗೆ ಗೂಡಾದರೂ ಇದೆ. ನಾನು ಎಲ್ಲಿಗೆ ಓಡಲಿ? ಬೆಳಿಗ್ಗೆ ಹೋಟೆಲಿನಲ್ಲಿ ಕೊಲಾಚಿ ಬನ್ನು ಬೇಯಿಸಿ, ಗಸಗಸೆ ಹೂರಣದ್ದು ಯಾರಿಗೆ, ಏಪ್ರಿಕಾಟಿನದು ಯಾರಿಗೆ ಎಂದು ಹಂಚುವುದು ನನ್ನ ಕೆಲಸ. ಕೌಂಟರಿನ ಈ ತುದಿಗೆ ಹಾರ್ಡ್‌ವೇರ್ ಅಂಗಡಿಯ ಓಟ್ಟೊ, ಅಳಿಯನ ಪಕ್ಷ. ಆ ತುದಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುವ ಬೆರ್ಥಾ, ಮಗನ ಪಕ್ಷ. ನಡುವೆ ನಾನು.

"ಇಡೀ ತಂಡಾನ ಹೆಗಲ ಮೇಲೆ ಹೊತ್ತೋನು ಲೆಲ್ಯಾಂಡ್ ಕಣ್ರೀ," ಎಂದು ಓಟ್ಟೊ ಶುರುಮಾಡುತ್ತಾರೆ.

"ಹೊತ್ನಂತೆ, ಹೊತ್ನಂತೆ! ವಾರಕ್ಕೊಂದಿನ ಎಸೀತಾನೆ. ಮಿಕ್ಕ ಆಟಕ್ಕೆಲ್ಲ ಬೆಂಚ್ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗೀತಾನೆ. ಪ್ರತಿ ಆಟದಲ್ಲೂ ಮಣ್ಣಲ್ಲಿ ಬಿದ್ದೇಳೋನು ನಮ್ಮ ಲ್ಯೂಮಿರ್," ಎಂದು ಬೆರ್ಥಾ.

"ಎಸೆಯೋನೇ ಇಲ್ದಿದ್ರೆ ಆಟ ಎಲ್ಲಿಂದ ಬರುತ್ತೆ? ನೀವು ಆರ್ಗನ್ ಮುಟ್ಟದೆ ಜನ ಹಾಡ್ತಾರಾ?"

"ನನ್ನ ಆರ್ಗನ್ ಸುದ್ದಿಗೆ ಬರಬೇಡಿ. ನಿಮ್ಮ ಲೆಲ್ಯಾಂಡ್ ಬ್ಯಾಟ್ ಹಿಡಿದ್ರೆ ಪೊರಕೆ ಹಿಡ್ದಂಗಿರುತ್ತೆ!"

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. "ನೀವು ಮೂರನೇ ಬೇಸಿನ ಹಿಂದೇನೇ ಕೂತಿದ್ರಲ್ಲ ರೂಝೆನಾ, ನೀವೇ ಹೇಳಿ. ಎರರೋ, ಹಿಟ್ಟೋ?" ನನಗೆ ಗೊತ್ತಿರುವುದು ನಾದುವ ಹಿಟ್ಟೊಂದೇ ಎನ್ನುತ್ತೇನೆ. ನಾನು ನೋಡಲಿಲ್ಲ ಎಂದರೆ ಇಬ್ಬರೂ ಒಟ್ಟಿಗೆ ನಗುತ್ತಾರೆ. ಈ ವಾರ ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ. ಮನೆಗೆ ಬಂದು ಟೆಲಿಫೋನ್ ಎತ್ತಿದರೆ, ಒಂದೇ ತಂತಿಗೆ ಏಳು ಮನೆ, ಅಲ್ಲೂ ಇದೇ ಪಂಚಾಯ್ತಿ. ಸುಮ್ಮನೆ ಕೆಮ್ಮಿದರೂ ಸಾಕು, "ಓ ರೂಝೆನಾನಾ, ಸರಿಯಾದ ಹೊತ್ತಿಗೆ ಬಂದ್ರಿ" ಎನ್ನುತ್ತಾರೆ.

ಇದನ್ನೆಲ್ಲ ನಕ್ಕು ಬಿಡಬಹುದಿತ್ತು. ಆದರೆ ಬರುವ ಭಾನುವಾರ ಮೊಮ್ಮಗನ ಜ್ಞಾನಸ್ನಾನ. ಸೋದರಮಾವನಾಗಿ ಮಗುವನ್ನು ಎತ್ತಿ ಹಿಡಿಯಬೇಕಾದವನು ಲ್ಯೂಮಿರ್. ಮಂಗಳವಾರ ಮಗಳು ವ್ಲಾಸ್ತಾ ಕಂಕುಳಲ್ಲಿ ಮಗುವಿಟ್ಟುಕೊಂಡು ಬಂದು, "ಅಪ್ಪ ಎಷ್ಟಾದ್ರೂ ಮಗನ ಕಡೇನೇ. ಹಿಟ್ ಅಂತ ಬರೆದ್ರೆ ಲ್ಯೂಮಿರ್ ನನ್ನ ಮಗೂನ ಮುಟ್ಟೋದು ಬೇಡಮ್ಮ" ಎಂದಳು. ಅವಳು ಹೋದ ಮೇಲೆ ಲ್ಯೂಮಿರ್ ಬಂದ. "ಎರರ್ ಅಂತ ಬರೀಲಿ ನೋಡೋಣ, ನಾನು ಚರ್ಚಿನ ಬಾಗಿಲಿಗೂ ಬರಲ್ಲ. ಅಪ್ಪನಿಗೆ ಅಳಿಯ ಅಂದ್ರೆ ದೇವರು!" ಹೇಗೆ ಬರೆದರೂ ಒಬ್ಬರು ಹೋಗುತ್ತಾರೆ. ಬರೆಯದೆ ಕೂತರೆ ಇಬ್ಬರೂ ಉಳಿಯುತ್ತಾರೆಂದು ತಮ್ಮ ಎಣಿಕೆ ಇರಬೇಕು. ಮಾನ್ಯರೇ, ಇಬ್ಬರೂ ಹೋಗುತ್ತಿದ್ದಾರೆ. ಬೇರೆ ಯಾರೂ ಮುಂದೆ ಬರಲಿಲ್ಲವೆಂದು ಲೀಗಿನ ಸಮಿತಿಯವರು ಸ್ಕೋರ್ ಬರೆಯುವ ಪೆನ್ಸಿಲ್ಲನ್ನು ತಮ್ಮ ಕೈಗೆ ತುರುಕಿದ ದಿನ, ಮನೆಯವರಿಬ್ಬರೂ ಆಡುವ ಮೈದಾನದಲ್ಲಿ ನಾನು ಹೇಗೆ ನ್ಯಾಯ ಹೇಳಲಿ ಎಂದು ತಾವು ಕೇಳಬೇಡವೇ? 'ನಿಷ್ಪಕ್ಷಪಾತ' ಎಂಬ ಪದ ಕೇಳಲು ಚೆಂದ. ಅದನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟರೆ ಯಾರ ಹೊಟ್ಟೆ ತುಂಬುತ್ತದೆ?

ಈಗ ಇಡೀ ಊರಿನೆದುರು ಒಂದು ಮಾತು ಹೇಳುತ್ತೇನೆ, ಕ್ಷಮಿಸಿ. ಆ ಚೆಂಡನ್ನು ನಾನು ನಿಜವಾಗಿ ನೋಡಲಿಲ್ಲ. ತಮ್ಮನ್ನು ನೋಡುತ್ತಿದ್ದೆ. ಎಸೆಯುವವನೂ ನಮ್ಮವನು, ಹಿಡಿಯುವವನೂ ನಮ್ಮವನು, ಪಾಪ ಇವರ ಗತಿ ಏನಾಗಿದೆಯೋ ಎಂದು ಗೂಡಿನ ಕಡೆ ತಲೆಯೆತ್ತಿದೆ. ತಾವು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಿರಿ. ಕೈ ತೆಗೆದದ್ದು ಜನ ಕೂಗಿದ ಮೇಲೆ. ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಕಾಣದೇ ಹೋದದ್ದನ್ನು ಎಷ್ಟು ದಿನ ಪರಿಶೀಲಿಸುತ್ತೀರಿ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಬೋರ್ಡು ತೆಗೆಯಿರಿ. 'ನಾನು ನೋಡಲಿಲ್ಲ' ಎಂದು ಬರೆದು ಸಹಿ ಹಾಕಿ, ಪೆನ್ಸಿಲ್ಲನ್ನು ಸಮಿತಿಗೆ ಒಪ್ಪಿಸಿರಿ. ಹತ್ತು ಹೆಜ್ಜೆಯಾಚೆ ನಿಂತು ಕಣ್ಣಾರೆ ಕಂಡ ಪರವೂರಿನ ಅಂಪೈರ್ ಇದ್ದಾರೆ, ಅವರು ಹೇಳಲಿ. ಪಟ್ಟ ಯಾರಿಗಾದರೂ ಹೋಗಲಿ. ಅಪ್ಪ ತನಗೆ ವಿರುದ್ಧವಾಗಿ ಬರೆದ ಎಂದು ಇಬ್ಬರಲ್ಲಿ ಯಾರೂ ಹೇಳದಂತಾದರೆ ಸಾಕು.

ತಡ ಮಾಡಬೇಡಿ. ಮಗುವಿಗೆ ಯಾವ ಹೆಸರಿಡುತ್ತಾರೆಂದು ತಾವು ತಿಂಗಳಿಂದ ಕೇಳುತ್ತಿದ್ದಿರಿ, ಯಾರೂ ಬಾಯಿ ಬಿಡಲಿಲ್ಲ. ಭಾನುವಾರ ಚರ್ಚಿನಲ್ಲೇ ತಮಗೆ ಗೊತ್ತಾಗಲೆಂದು ವ್ಲಾಸ್ತಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅದು ತಮ್ಮದೇ ಹೆಸರು. ನಿನ್ನೆ ಅವಳು ನನ್ನನ್ನು ಕೇಳಿದಳು, "ಬೇರೆ ಯಾವ್ದಾದ್ರೂ ಹೆಸರು ಹೇಳಮ್ಮ" ಎಂದು.

ಇಂತಿ,
ಹೆಂಡತಿಯಾಗಿ ಕೇಳಿ ಸಾಕಾಗಿ, ಊರಿನ ನಾಗರಿಕಳಾಗಿ ಅರ್ಜಿ ಹಾಕಿಕೊಂಡಿರುವ
ರೂಝೆನಾ