ಎರಡನೆಯ ಗುಂಡು

ನವೆಂಬರ್ 20, 1958. ಮಡಿಕೇರಿ
ಬೆಳಿಗ್ಗೆ ಚಿದಂಬರ ಮೇಷ್ಟ್ರ ಅಂಗಳದ ಬೆಂಚೆಲ್ಲ ಇಬ್ಬನಿ. ಒಬ್ಬರು ಕೂರುವಷ್ಟು ಜಾಗ ಮಾತ್ರ ಒಣಗಿತ್ತು. ಮೇಷ್ಟ್ರು ನಸುಕಿನಿಂದಲೇ ಅಲ್ಲಿ ಕೂತು ಕಾದಿದ್ದಾರೆ.

ರಷ್ಯದವರು ಮೇ ತಿಂಗಳಲ್ಲಿ ಹಾರಿಸಿದ ರಾಕೆಟ್ಟಿನ ಖಾಲಿ ಕೊಳವೆ ಇನ್ನೂ ಭೂಮಿಯನ್ನು ಸುತ್ತುತ್ತಿದೆ. ಈಗ ಇಳಿಯುತ್ತಿದೆ. ಅದು ಇಲ್ಲಿ ದಾಟುವ ಹೊತ್ತು ಹಿಡಿದು ಉಪಗ್ರಹಗಳ ಲೆಕ್ಕ ಇಡುವ ಕೇಂದ್ರಕ್ಕೆ ತಂತಿ ಕೊಡುವುದು ಮೇಷ್ಟ್ರು, ಬೋಜಪ್ಪನವರು, ನಾನು— ನಮ್ಮ ಮೂವರ ಕೆಲಸ. ಹೋದ ತಿಂಗಳು ಒಮ್ಮೆ ತಪ್ಪು ಹೊತ್ತು ಹೋಯಿತು. ಇನ್ನೊಮ್ಮೆ ತಪ್ಪಿದರೆ ದುರ್ಬೀನು ವಾಪಸ್ ಕಳಿಸಿ ಎಂದಿದ್ದಾರೆ.

ಸಾಹಿತ್ಯದ ಬಿ.ಎ.ಗೆ ಅಲ್ಲೇನು ಕೆಲಸ ಎಂದು ಅಮ್ಮ. ಮಾತಾಡಬೇಕಿಲ್ಲ, ನೋಡಿದರೆ ಸಾಕು... ಅದೇ ನನಗೆ ಹಿಡಿಸಿದ್ದು.

ನವೆಂಬರ್ 23
ಬೋಜಪ್ಪನವರು ಬಂದಿದ್ದರು. ದುರ್ಬೀನು ಇರುವುದು ಎದುರಿನ ಗುಡ್ಡದ ಅವರ ತೋಟದಲ್ಲಿ. ಕೊಳವೆಯ ಚುಕ್ಕೆ ನೆತ್ತಿಗೆ ಬಂದೊಡನೆ ಕೋವಿ ಹಾರಿಸುತ್ತಾರೆ. ಇಲ್ಲಿ ಸರಿಯಾದ ಸಮಯಕ್ಕೆಂದು ರೇಡಿಯೋ ಪಕ್ಕ ಕೂತ ಮೇಷ್ಟ್ರು ಸ್ಟಾಪ್‌ವಾಚ್ ಒತ್ತುತ್ತಾರೆ. ಸದ್ದು ಕಣಿವೆ ದಾಟಿ ಬರುವ ಹೊತ್ತನ್ನು ಆಮೇಲೆ ಕಳೆಯುತ್ತಾರೆ. ನಾನು ಅಂಗಳದಲ್ಲಿ ನಿಂತು ಹೊಳಪು ನೋಡುವುದು.

"ಎಂತ ಮೇಷ್ಟ್ರೇ, ಇಷ್ಟು ತೋಟೆ ಸುಟ್ಟೆ, ಒಂದು ಹಕ್ಕಿನೂ ಬೀಳ್ಲಿಲ್ಲ!"

"ಅದು ತಾನಾಗೇ ಬೀಳತ್ತೆ ಮಾರಾಯ್ರೇ, ನೀವು ಗುರಿ ಇಡ್ಬೇಡಿ."

"ಬುಧವಾರ ಪುತ್ತರಿ ಹಬ್ಬ. ಗದ್ದೆಯಲ್ಲಿ ಹೊಸ ಕದಿರು ತೆಗೆಯುವಾಗ ಊರೆಲ್ಲ ಕೋವಿ ಹೊಡೀತಾರೆ. ನಿಮ್ದು ಯಾವಾಗ?"

"ಅದಕ್ಕೆ ಮುಂಚೆನೇ. ಕತ್ತಲಾಗ್ತಿದ್ದ ಹಾಗೆ."

"ಹಾಗಾದ್ರೆ ಹೊಡ್ದು ಸೀದಾ ಊರಿಗೆ, ನಮ್ಮ ಹಿರಿಯರ ಐನ್‌ಮನೆಗೆ ಹೋಗ್ತೇನೆ." ನನ್ನ ಕಡೆ ತಿರುಗಿ, "ಕಾತ್ಯಾಯನಿ, ನಿನ್ನ ಬಾಯಿ ತೆರೆಸ್ಲಿಕ್ಕೂ ಒಂದು ತೋಟೆ ಬೇಕಾ?"

ನಕ್ಕು ಒಳಗೆ ಹೋದೆ.

ನವೆಂಬರ್ 26. ಸಂಜೆ
ಗುಂಡಿನ ಸದ್ದು. ಆಕಾಶದಲ್ಲಿ ಏನೂ ಇಲ್ಲ. ಸದ್ದು ಬಂದದ್ದು ಕೆಳಗಿನ ಗದ್ದೆ ಕಡೆಯಿಂದ— ಯಾರೋ ಹಬ್ಬಕ್ಕೆ ಮೊದಲೇ ಕೋವಿ ಪರೀಕ್ಷಿಸಿದ್ದಾರೆ.

ಒಳಗಿಂದ ಮೇಷ್ಟ್ರ ಕೂಗು: "ಸಿಕ್ತು! ಲೆಕ್ಕಕ್ಕಿಂತ ಮೊದ್ಲೇ ಬಂತು!"

ಕೊಳವೆ ಬಂದದ್ದು ಆಮೇಲೆ. ಬೆಳಗಿತು, ಮಂಕಾಯಿತು, ಮತ್ತೆ ಬೆಳಗಿತು. ಉರುಳುತ್ತಾ ಹೋಗುವುದಕ್ಕೆ ಹಾಗಂತೆ. ನೆತ್ತಿಗೆ ಬಂದಾಗ ಎದುರಿನ ಗುಡ್ಡದಿಂದ ಎರಡನೆಯ ಗುಂಡು.

ಮೇಷ್ಟ್ರು ಹೊರಬಂದರು. "ಇದು ಪುತ್ತರೀದು ನೋಡು. ಇವರಿಗೆ ತಾಳ್ಮೆನೇ ಇಲ್ಲ."

"ಸರ್..."

"ನಾಳೆ ತಂತಿ ಕೊಡೋಣ. ಅವರ ಲೆಕ್ಕಕ್ಕಿಂತ ಬೇಗ ಬೀಳತ್ತೆ ಅಂತ ನಾನು ಹೇಳಿರ್ಲಿಲ್ವಾ?"

ಹೇಳಿದ್ದರು. ಅವರನ್ನು ಇಷ್ಟು ಖುಷಿಯಲ್ಲಿ ನೋಡಿಲ್ಲ. ಮನೆಗೆ ಬಂದೆ.

ನವೆಂಬರ್ 27. ಬೆಳಿಗ್ಗೆ
ಬೋಜಪ್ಪನವರು ಊರಿನಿಂದ ಬಂದಿಲ್ಲ. ಎರಡು ಗುಂಡಿನ ನಡುವೆ ಆಕಾಶ ನೋಡುತ್ತಿದ್ದವಳು ನಾನೊಬ್ಬಳೇ. ಸರಿಯಾದ ಹೊತ್ತು ಯಾರ ಬಳಿಯೂ ಇಲ್ಲ. ಹೇಳಿದರೆ ನಿನ್ನೆಯದು ಖಾಲಿ. ಹೇಳದಿದ್ದರೆ ತಪ್ಪು ಹೊತ್ತು ಮೇಷ್ಟ್ರ ಹೆಸರಿನಲ್ಲಿ ಹೋಗುತ್ತದೆ, ಅದರ ಹಿಂದೆಯೇ ದುರ್ಬೀನೂ.

ಕಿಟಕಿಯಿಂದ ಕಾಣುತ್ತಿದೆ— ಮೇಷ್ಟ್ರು ಕೋಟು ಹಾಕಿ ಅಂಚೆ ಕಚೇರಿಗೆ ಹೊರಟಿದ್ದಾರೆ. ಆಗಲೇ ತಿರುವಿನ ಹತ್ತಿರ. ಬೀದಿಯಲ್ಲಿ ಯಾರ ಹೆಸರನ್ನೂ ಕೂಗಿದವಳಲ್ಲ. ಕೂಗುತ್ತೇನೆ. ಪೆನ್ನಿನ ಮುಚ್ಚಳ ಎಲ್ಲಿ... ಇರಲಿ, ಮೊದಲು ಬಾಗಿಲು—