ಉಗುಳುವ ಹಾವಿಗೆ ಹಾಕಿದ ಪದ

ದೊಡವಾಡ
14 ಅಕ್ಟೋಬರ್ 2025, ಮಂಗಳವಾರ

ಆಫ್ರಿಕಾದ ಆ ಹಾವು ಇವತ್ತೂ ಮುಗಿಯಲಿಲ್ಲ. ದೂರದಿಂದಲೇ ಕಣ್ಣಿಗೆ ಗುರಿಯಿಟ್ಟು ವಿಷ ಉಗುಳುತ್ತದಂತೆ. ಅದರ ಕುರಿತ ಟಿವಿ ಕಾರ್ಯಕ್ರಮದ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದು ನಾಳೆ ಬೆಳಿಗ್ಗೆಯೇ ಕಳಿಸಬೇಕು. "ಬರೇ ಹಾವು ಅಂದ್ರ ಯಾರ್ ನೋಡ್ತಾರ್ರಿ ಅಕ್ಕಾರ? ಖಡಕ್ ಶಬ್ದ ಹಾಕ್ರಿ," ಎಂದು ಆಫೀಸಿನ ಪೂನಮ್ ಮೂರು ಸಲ ಫೋನ್ ಮಾಡಿದಳು. ಸಾಕಾಗಿ 'ಕ್ರೂರ' ಎಂದು ಹಾಕಿದೆ. ಹನ್ನೊಂದು ಕಡೆ.

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡದಿದ್ದರೆ ನನಗೆ ಕೆಲಸ ಸಾಗುವುದಿಲ್ಲ. ಆದರೆ ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಎತ್ತುವಂತಿಲ್ಲ, ಹುಳ ಅನ್ನಬೇಕು. ಅಪ್ಪ ಹೋದ ಮೇಲೆ ಅವ್ವ ಹಗಲಲ್ಲೂ ಅದರ ಹೆಸರೆತ್ತಿಲ್ಲ. ಅದಕ್ಕೇ ಸಂಜೆ ಎಲ್ಲ ಕಡೆ ಹುಳ, ಹುಳ ಎನ್ನುತ್ತ ಓದಿದೆ. ಕ್ರೂರ ಹುಳ. ನನಗೇ ನಗು ಬಂತು.

ಅವ್ವ ಶೇಂಗಾ ಸುಲಿಯುತ್ತ ಕೇಳುತ್ತಿದ್ದಳು. "ಅದು ಉಗುಳಿದ್ರ ಮನಷ್ಯಾ ಸಾಯತಾನೇನು?"

"ಇಲ್ಲಬೇ. ಕಣ್ಣ ಉರೀತಾವ, ಲಗೂನ ತೊಳ್ಕೊಬೇಕು. ಹೆದರಿ ದೂರ ಸರೀಲಿ ಅಂತ ಉಗುಳತೈತಿ."

ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. ಆಮೇಲೆ, "ನಮ್ಮ ಹೊಲದಾಗಿಂದೂ ಹಂಗ ಉಗುಳಿದ್ದರ ನಿಮ್ಮಪ್ಪ ಕುಡಗೋಲ ಒಗದು ಓಡಿ ಬರತಿದ್ದ," ಎಂದಳು. ಮತ್ತೆ ಸುಲಿಯತೊಡಗಿದಳು.

ಹನ್ನೊಂದೂ ಕಡೆ 'ಕ್ರೂರ' ಅಳಿಸಿದೆ. ಪೂನಮ್ ಬೈದರೆ ಬೈಯಲಿ. ಬೇರೆ ಪದ ಹುಡುಕುವ ತ್ರಾಣ ಇವತ್ತು ಇಲ್ಲ. ಅಪ್ಪನನ್ನು ಕಚ್ಚಿದ ಹುಳಕ್ಕೇ ಅವ್ವ ಇಷ್ಟು ವರ್ಷದಲ್ಲಿ ಒಂದು ಕೆಟ್ಟ ಮಾತು ಆಡಿಲ್ಲ. ಎಂದೂ ಕಾಣದ ಈ ಹುಳಕ್ಕೆ ಕ್ರೂರ ಎನ್ನಲು ನಾನ್ಯಾರು?