ತೇಜಸ್ವಿನಿಯ ಪುಟಕ್ಕೆ ಒಂದೇ ಫೋಟೊ

ಶಿರಾ ಗೇಟ್, ತುಮಕೂರು
೯ ಜುಲೈ ೨೦೦೩

ಗುಬ್ಬಿಯ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರಿಗೆ, ನಿಮ್ಮ ಶಿಷ್ಯ ಶಾಬಾಜ್‌ನ ನಮಸ್ಕಾರಗಳು.

ಪ್ರಬಂಧ ಉದ್ದವಾಯಿತೆಂದು ನನ್ನ ಕಿವಿ ಹಿಂಡಿದವರು ನೀವು. ಈಗ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ ಸಂಘದ ವೆಬ್‌ಸೈಟನ್ನು ಹೊಸದಾಗಿ ಕಟ್ಟುತ್ತಾ, ಆರುನೂರು ಪುಟಗಳ ಕಿವಿಯನ್ನು ನಾನು ಹಿಂಡುತ್ತಿದ್ದೇನೆ. ಗುಬ್ಬಿಯ ಫೋನ್ ಲೈನಿನಲ್ಲೂ ಬೇಗ ತೆರೆಯಲೆಂದು ಪುಟಕ್ಕೆ ಐವತ್ತು ಕೆ.ಬಿ. ಮಿತಿ, ಮೆನುವಿನಲ್ಲಿ ಏಳೇ ಹೆಸರು. ಅಧ್ಯಕ್ಷರ ಫೋಟೊದ ಗಾತ್ರ ಇಳಿಸಲು ಎರಡು ದಿನ ಹಿಡಿಯಿತು. ಅವರ ಪೇಟದ ಭಾರವೇ ಅಷ್ಟಿತ್ತು.

‘ಕಾಣೆಯಾದವರು’ ಎಂಬ ಮೆನುವಿನಲ್ಲಿ ಇರುವುದು ನಿಮ್ಮ ಮಗಳು ತೇಜಸ್ವಿನಿ ಒಬ್ಬಳೇ. ನಿನ್ನೆ ಕಾರ್ಯದರ್ಶಿ ಗಂಗಾಧರಯ್ಯನವರು, “ಹುಡ್ಗಿ ಕಾಣೆಯಾಗಿ ನಾಕ್ ವರ್ಷ ಆಯ್ತಲ್ಲಪ್ಪ. ‘ಶ್ರದ್ಧಾಂಜಲಿ’ ಒಳ್ಗೆ ಸೇರಿಸ್ಬುಡು, ಒಂದ್ ಮೆನು ಉಳೀತದೆ” ಎಂದರು.

“ಮೇಷ್ಟ್ರು ವಾರವಾರ ಆ ಪುಟ ತೆಗ್ದು ನೋಡ್ತಾರೆ ಸಾರ್. ನನ್ ಕೈಲಾಗಲ್ಲ” ಎಂದೆ.

ಬಹಳ ಹೊತ್ತು ಜಗ್ಗಾಡಿದ ಮೇಲೆ ಮೊದಲ ಪುಟದಲ್ಲೇ ಅವಳಿಗೊಂದು ಮೂಲೆ ಕೊಡಲು ಒಪ್ಪಿದರು. ಆದರೆ ಅಲ್ಲಿ ಒಂದೇ ಫೋಟೊ ಹಿಡಿಸುತ್ತದೆ. ನೀವು ಕೊಟ್ಟಿರುವುದು ಹನ್ನೊಂದು.

ಶನಿವಾರದೊಳಗೆ ಒಂದನ್ನು ಆರಿಸಿ ತಿಳಿಸಿ. ಅವಳ ಅಮ್ಮನವರಿಗೆ ಬಿಟ್ಟರೆ ನಗುತ್ತಿರುವುದನ್ನೇ ಆರಿಸುತ್ತಾರೆ. ಅದು ಬೇಡ ಮೇಷ್ಟ್ರೇ. ಅವಳು ಎಲ್ಲೇ ಇರಲಿ, ದಾರಿಯಲ್ಲಿ ಕಂಡವರು ಗುರುತು ಹಿಡಿಯಬೇಕಾದದ್ದು ನಗುವಿಲ್ಲದ ಮುಖವನ್ನು.

ನಿಮ್ಮ
ಶಾಬಾಜ್